ಚಿಕ್ಕಪ್ಪ ಕೇಳಿದ್ದಕ್ಕೆ ಉತ್ತರ, ಸ್ವಲ್ಪ ಉದ್ದ ಉಂಟು

ಚಿಕ್ಕಪ್ಪ, ನಮಸ್ಕಾರ. ಪರದೆಯಲ್ಲಿ ಗ್ರಹಗಳ ಚಿತ್ರ ತೋರಿಸುತ್ತಾ ನುಡಿಸುವ ಪಾಶ್ಚಾತ್ಯ ಆರ್ಕೆಸ್ಟ್ರಾ ಕಛೇರಿಗೆ ನಾನು ಹೋಗಿ ಬಂದದ್ದಕ್ಕೆ ನಿನ್ನೆ ನೀವು ಗ್ರೂಪ್‌ನಲ್ಲಿ ಹಾಕಿದ್ದಿರಲ್ಲ, "ಶನಿಯ ಫೋಟೋ ಮೊಬೈಲ್‌ನಲ್ಲಿ ಪುಕ್ಕಟೆ ಸಿಗ್ತದೆ, ಅದಕ್ಕೆ ಮುಂಬೈಗೆ ಹೋಗಿ ದುಡ್ಡು ಕೊಟ್ಟು ನೋಡ್ಬೇಕಾ" ಅಂತ, ಅದಕ್ಕೆ ಎಲ್ಲರೂ ನಗುವ ಮುಖ ಬೇರೆ ಒತ್ತಿದ್ದಾರೆ, ನಮ್ಮ ಮನೆಯವರೂ ಸೇರಿ. ಅಷ್ಟೆಲ್ಲ ಟೈಪ್ ಮಾಡಲು ನನ್ನಿಂದ ಆಗುವುದಿಲ್ಲ. ಈಗ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ, ಹಾಗಾಗಿ ಮಾತಾಡುತ್ತಿದ್ದೇನೆ, ತಪ್ಪಿದ್ದರೆ ಸುಧಾರಿಸಿಕೊಳ್ಳಿ. ಉಡುಪಿಯಲ್ಲಿ ಬೆಳಗ್ಗಿನಿಂದ ಕರೆಂಟಿಲ್ಲ, ನನಗೆ ಪುರುಸೊತ್ತುಂಟು.

ಮೊದಲೇ ಹೇಳುತ್ತೇನೆ, ಫೋಟೋ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅಷ್ಟೂ ಫೋಟೋ ಪುಕ್ಕಟೆ ಸಿಗುತ್ತದೆ. ಮಗಳು ಟಿಕೆಟ್ ಮಾಡಿಟ್ಟಿದ್ದಳು, ನಾನು ಮತ್ಸ್ಯಗಂಧ ರೈಲು ಹತ್ತಿ ಹೋದೆ, ಹೋಗುವವರೆಗೂ ನನಗೂ ಅದು ಏನೋ ದೊಡ್ಡ ಪರದೆಯ ಸ್ಲೈಡ್ ಶೋ ಅಂತಲೇ ಇತ್ತು. ಅಲ್ಲಿ ನೋಡಿದರೆ ವೇದಿಕೆ ತುಂಬ ಜನ ಮಾರಾಯ್ರೆ. ಪಿಟೀಲಿನವರೇ ಒಂದು ಮದುವೆ ದಿಬ್ಬಣದಷ್ಟು. ಹಿಂದೆ ಕೊಳಲು, ಕಹಳೆ, ಎರಡು ಹಾರ್ಪ್, ಹಂಡೆಯ ಹಾಗಿರುವ ನಗಾರಿಗಳು. ಎಲ್ಲರ ತಲೆಯ ಮೇಲೆ ಪರದೆ. ಮೈಕು ಇಲ್ಲ, ಸ್ಪೀಕರ್ ಇಲ್ಲ. ನಮ್ಮಲ್ಲಿ ನಾಲ್ಕು ಜನ ಭಜನೆಗೆ ಕೂತರೂ ಎರಡು ಡಬ್ಬ ಸ್ಪೀಕರ್ ಇಡುತ್ತಾರೆ, ಅಲ್ವಾ.

ನುಡಿಸಿದ್ದು ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಅನ್ನುವವರ 'ದಿ ಪ್ಲಾನೆಟ್ಸ್'. 1914ರಿಂದ 1917ರ ಒಳಗೆ ಬರೆದದ್ದು, ಏಳು ಗ್ರಹಕ್ಕೆ ಏಳು ಭಾಗ, ಒಟ್ಟು 50 ನಿಮಿಷ. ಚಿಕ್ಕಪ್ಪ, ಈ ಮನುಷ್ಯ ನಿಮಗೆ ಸರಿಯಾದ ಜೋಡಿ. ಲಂಡನ್‌ನಲ್ಲಿ ಹುಡುಗಿಯರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಸ್ನೇಹಿತರ ಜಾತಕ ನೋಡುವ ಹುಚ್ಚು. ಈ ಸಂಗೀತ ಹುಟ್ಟಿದ್ದೂ ಜ್ಯೋತಿಷ್ಯದಿಂದಲೇ. ಕುಜ ಯುದ್ಧ ತರುವವನು, ಗುರು ಸಂತೋಷ ತರುವವನು, ಶನಿ ಮುದಿತನ ತರುವವನು, ಹೀಗೆ ಒಂದೊಂದಕ್ಕೂ ಹೆಸರು. ಅದಕ್ಕಿಂತ ಮಜಾ ಏನೆಂದರೆ ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ರಾಗ ಹಾಕಬೇಕು ಅಂತ ಇವರು ಸಂಸ್ಕೃತ ಕಲಿತಿದ್ದರು. ಸಾವಿತ್ರಿಯ ಕಥೆಯನ್ನು ಒಂದು ಚಿಕ್ಕ ಸಂಗೀತ ನಾಟಕ ಮಾಡಿದ್ದಾರೆ, 1908ರಲ್ಲಿ. ಪಾತ್ರ ಮೂರೇ: ಸಾವಿತ್ರಿ, ಸತ್ಯವಾನ, ಯಮ. ನಮ್ಮ ಯಕ್ಷಗಾನದಲ್ಲಿ ಈ ಪ್ರಸಂಗಕ್ಕೆ ಒಂದು ರಾತ್ರಿ ಸಾಲುವುದಿಲ್ಲ, ಅವರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರಂತೆ.

ಮೊದಲು ಕುಜ. ಪಿಟೀಲಿನ ಬಿಲ್ಲನ್ನು ಎಳೆಯುವುದಲ್ಲ, ತಿರುಗಿಸಿ ಅದರ ಕೋಲಿನಿಂದ ತಂತಿಗೆ ಕುಟ್ಟುತ್ತಾರೆ, ಅಷ್ಟೂ ಜನ ಒಟ್ಟಿಗೆ. ಒಣಗಿದ ತೆಂಗಿನ ಮಡಲಿನ ಮೇಲೆ ಮಳೆಹನಿ ಬೀಳಲು ಶುರುವಾದರೆ ಒಂದು ಸದ್ದು ಬರುತ್ತದಲ್ಲ, ಥೇಟ್ ಹಾಗೆ. ನಾನು ಮೊಣಕಾಲ ಮೇಲೆ ಬೆರಳಿಟ್ಟು ಎಣಿಸಿದೆ. ಐದು. ಮತ್ತೆ ಎಣಿಸಿದೆ, ಐದೇ. ಅವರಿಗೆ ಅದು ಅಪರೂಪ ಅಂತ ಮಗಳು ಹೇಳಿದಳು. ನಮ್ಮಲ್ಲಿ ಐದೆಣಿಕೆಯ ಖಂಡ ಚಾಪು ತಾಳ ಕೇಳಿ ಬೆಳೆದವರಿಗೆ ಎಂತ ಅಪರೂಪ! ಆದರೂ ಎದೆ ಹೊಡೆದುಕೊಂಡಿತು. ಅದು ಮುಗಿದ ಕೂಡಲೇ ನಾನು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದ ಹೆಂಗಸು ನೋಡಿದ ನೋಟ! ಏಳೂ ಮುಗಿಯುವವರೆಗೆ ತಟ್ಟಬಾರದಂತೆ. ಮೊದಲೇ ಹೇಳಬಾರದಾ?

ಶುಕ್ರನ ಹತ್ತಿರ ಬಂದಾಗ ನನಗೆ ನಗು. ಸಂಗೀತ ಬಹಳ ತಣ್ಣಗೆ, ಶಾಂತಿ ತರುವವನು ಅಂತ ಹೆಸರು. ಪರದೆಯ ಮೇಲೆ ಕೆಂಡದ ಬಣ್ಣದ ನೆಲ. ಅಲ್ಲಿಯ ಬಿಸಿ 460 ಡಿಗ್ರಿ, ಮೋಡದಲ್ಲಿ ಗಂಧಕಾಮ್ಲ. ಆ ಮೋಡ ದಾಟಿ ನೆಲ ಕಾಣುವುದೇ ಇಲ್ಲವಂತೆ, 1990ರ ನಂತರ ಮೆಗೆಲಾನ್ ನೌಕೆ ರೇಡಾರ್‌ನಿಂದ ತಡವಿ ತಡವಿ ನಕ್ಷೆ ಮಾಡಿದ್ದು, ಬಣ್ಣ ಆಮೇಲೆ ಕೊಟ್ಟದ್ದು. ಬುಧ ನಾಲ್ಕೇ ನಿಮಿಷ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಯಿತು.

ನಾವು ಕೂತದ್ದು ಬಾಲ್ಕನಿಯ ಬದಿಯಲ್ಲಿ. ಅಲ್ಲಿಂದ ಒಬ್ಬ ಹುಡುಗ ಕಾಣುತ್ತಿದ್ದ, ಮುಂದೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಸ್ವರ ಬರೆದ ಪುಸ್ತಕ. ಕೋಲು ಹಿಡಿದ ನಿರ್ದೇಶಕರ ಕೈ ನೋಡುತ್ತಾನೆ, ಒಂದು ಗುಂಡಿ ಒತ್ತುತ್ತಾನೆ, ಚಿತ್ರ ಬದಲಾಗುತ್ತದೆ, ಪುಟ ಮಗುಚುತ್ತಾನೆ. ಸಂಗೀತ ಚಿತ್ರದ ಹಿಂದೆ ಓಡುವುದಲ್ಲ, ಚಿತ್ರವೇ ಸಂಗೀತದ ಹಿಂದೆ ಓಡಬೇಕು. ಭಾಗವತರ ಬಾಯಿ ನೋಡಿಕೊಂಡು ಚೆಂಡೆಯವರು ಪೆಟ್ಟು ಹಾಕುವ ಹಾಗೆ. ನಾನು ಸುಮಾರು ಹೊತ್ತು ಆ ಹುಡುಗನನ್ನೇ ನೋಡಿದೆ, ಗುರುವಿನ ಕೆಂಪು ಚುಕ್ಕೆ ಬಿಟ್ಟು. ಆ ಕೆಂಪು ಚುಕ್ಕೆ ಅಂದರೆ ನಮ್ಮ ಭೂಮಿಗಿಂತ ಅಗಲದ ಬಿರುಗಾಳಿ. ಆದರೆ ಗುರುವಿನ ಸಂಗೀತ ಜಾತ್ರೆಯ ಹಾಗೆ ಕುಣಿಯುತ್ತಿದೆ, ಬಿರುಗಾಳಿ ನಿಧಾನ ತಿರುಗುತ್ತಿದೆ, ಎರಡೂ ಕೂಡಲಿಲ್ಲ. ನಾನು ಕಣ್ಣು ಮುಚ್ಚಿದೆ. ಚೆನ್ನಾಗಿ ಕೇಳಿಸಿತು.

ಶನಿಗೆ ಮಾತ್ರ ಕಣ್ಣು ಬಿಟ್ಟೆ. ಎರಡೇ ಸ್ವರಗುಚ್ಛ, ಆ ಕಡೆ ಈ ಕಡೆ, ಗೋಡೆ ಗಡಿಯಾರದ ಹಾಗೆ. ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುವವನಿಗೆ ಎಂತ ಅವಸರ. ನಿಮ್ಮ ಏಳೂವರೆ ಶನಿಯ ಲೆಕ್ಕವೂ ಅಲ್ಲಿಂದಲೇ ಅಲ್ವಾ, ಒಂದು ರಾಶಿಗೆ ಎರಡೂವರೆ ವರ್ಷ, ಮೂರು ರಾಶಿ. ಆಗ ಪರದೆಗೆ ಒಂದು ಚಿತ್ರ ಬಂತು. ಕ್ಯಾಸಿನಿ ನೌಕೆ ಶನಿಯ ನೆರಳಿನಲ್ಲಿ ನಿಂತು 2013ರ ಜುಲೈ 19ರಂದು ತೆಗೆದದ್ದು. ಸೂರ್ಯ ಹಿಂದೆ ಮರೆಯಾಗಿದ್ದಾನೆ, ಬಳೆ ಮಾತ್ರ ಬೆಳಗುತ್ತಿದೆ, ಅದರ ಕೆಳಗೆ ಒಂದು ನೀಲಿ ಚುಕ್ಕಿ. ಅದು ನಾವು. ಹೋಲ್ಸ್ಟ್ ಏಳು ಗ್ರಹಕ್ಕೆ ಬರೆದರು, ಭೂಮಿಗೆ ಬರೆಯಲಿಲ್ಲ. ನಾನು ತಾರೀಕು ಲೆಕ್ಕ ಹಾಕಿದೆ, ಮಳೆಗಾಲದ ಆಟಿ ತಿಂಗಳ ಶುರು. ಇಲ್ಲಿ ಆಗ ನಡುರಾತ್ರಿ ಕಳೆದಿತ್ತು. ಮಳೆ ಬಂದಿರಲೇಬೇಕು. ಅಜ್ಜಿ ಇನ್ನೂ ಇದ್ದರು ಆ ವರ್ಷ. ಎಲ್ಲ ಆ ಚುಕ್ಕಿಯೊಳಗೆ ಹೊದ್ದು ಮಲಗಿದ್ದೆವು.

ಇನ್ನು ಯುರೇನಸ್, ನೆಪ್ಚೂನ್. ಇವಕ್ಕೆ ಚಿತ್ರವೇ ಕಡಿಮೆ. ಇಷ್ಟು ವರ್ಷದಲ್ಲಿ ಆ ಎರಡರ ಹತ್ತಿರ ಹೋದದ್ದು ಒಂದೇ ಒಂದು ನೌಕೆ, ವಾಯೇಜರ್ 2. 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್, ಹಾದು ಹೋದದ್ದಷ್ಟೇ, ನಿಲ್ಲಲಿಲ್ಲ. ತೋರಿಸಿದ್ದನ್ನೇ ತೋರಿಸಿದರು. ಹಿಂದೆ ಯಾರೋ ಬೇಜಾರಾಗಿ ಫೋನ್ ತೆಗೆದರು, ಬೆಳಕು ನನ್ನ ಕನ್ನಡಕಕ್ಕೆ. ಆಮೇಲೆ ನೆಪ್ಚೂನ್ ಸಣ್ಣ ಆಗುತ್ತಾ ಆಗುತ್ತಾ ಪರದೆ ಪೂರ್ತಿ ಕಪ್ಪಾಯಿತು. ಅಷ್ಟರಲ್ಲಿ ಹೆಂಗಸರ ದನಿ. ವೇದಿಕೆಯಲ್ಲಿ ಯಾರೂ ಹಾಡುತ್ತಿಲ್ಲ. ಪದವೂ ಇಲ್ಲ, ಬರೀ ಆಲಾಪ. ಎಲ್ಲಿಂದ ಬರುತ್ತಿದೆ ಅಂತ ಎಲ್ಲರೂ ತಲೆ ತಿರುಗಿಸಿ ನೋಡುವುದೇ. ಹೋಲ್ಸ್ಟ್ ಬರೆದಿಟ್ಟದ್ದೇ ಹಾಗೆ: ಹಾಡುವವರು ಪಕ್ಕದ ಕೋಣೆಯಲ್ಲಿರಬೇಕು, ಬಾಗಿಲು ತೆರೆದಿರಬೇಕು, ಕೊನೆಗೆ ಸದ್ದಾಗದ ಹಾಗೆ ಬಾಗಿಲು ನಿಧಾನ ಮುಚ್ಚಬೇಕು, ದನಿ ದೂರದಲ್ಲಿ ಕರಗುವವರೆಗೆ ಅದೇ ಸಾಲು ಹಾಡುತ್ತಾ ಇರಬೇಕು.

ಚಿಕ್ಕಪ್ಪ, ಇದು ಮೊಬೈಲ್‌ನಲ್ಲಿ ಬರುವುದಿಲ್ಲ. ಮಗಳು ಮರುದಿನ ಹಾಕಿ ಕೊಟ್ಟಳು, ಅದರಲ್ಲಿ ಸುಮ್ನೆ ವಾಲ್ಯೂಮ್ ಕಡಿಮೆ ಮಾಡಿದ ಹಾಗೆ ಕೇಳುತ್ತದೆ. ಸಭೆಯಲ್ಲಿ ಆ ದನಿ ಎಲ್ಲಿ ನಿಂತಿತು ಅಂತ ನನಗೆ ಈಗಲೂ ಗೊತ್ತಿಲ್ಲ. ನಿಂತಿದೆಯಾ, ನನ್ನ ಕಿವಿಯೊಳಗೇ ಇದೆಯಾ. ಯಾರೂ ಕೆಮ್ಮಲಿಲ್ಲ. ಚಪ್ಪಾಳೆ ಬರಲು ತುಂಬ ಹೊತ್ತಾಯಿತು, ಈ ಸಲ ನಾನು ಮೊದಲು ತಟ್ಟಲಿಲ್ಲ.

ಇನ್ನು ಗ್ರೂಪ್‌ನಲ್ಲಿರುವ ಮಾಣಿಗೆ: ನೀನು ಕೇಳಿದ್ದಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ. ಬರೀ ಗ್ರಹ ತೋರಿಸಬೇಕಾದರೆ ಮಂಗಳೂರಿನ ಪಿಲಿಕುಳದ ತಾರಾಲಯವೇ ಸಾಕು, ಹತ್ತಿರವೂ ಆಯಿತು. ಇದಕ್ಕೆ ದೊಡ್ಡವಳನ್ನು ಕರೆದುಕೊಂಡು ಹೋಗು, ಚಿಕ್ಕವನು ಶುಕ್ರನಲ್ಲೇ ನಿದ್ದೆ ಹೋಗುತ್ತಾನೆ. ಸ್ವೆಟರ್ ಇಟ್ಟುಕೊಳ್ಳಿ, ಎಸಿ ವಿಪರೀತ.

ಚಿಕ್ಕಪ್ಪ, ನಿಮಗೊಂದು ಪ್ರಶ್ನೆ. ನಾನು ಐದಾರು ವರ್ಷದವಳಿರುವಾಗ ಯಕ್ಷಗಾನದ ಆಟ ನೋಡಲು ಹೋಗಿ ನಿದ್ದೆ ಹೋದೆ ಅಂತ ನೀವು ನಡುವಿನಲ್ಲೇ ಎದ್ದು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಗದ್ದೆಯ ಬದುವಿನಲ್ಲಿ ಮನೆಗೆ ತಂದಿರಿ, ದಾರಿ ಕಾಣಲು ಕೈಯಲ್ಲಿ ಉರಿಯುವ ಸೂಡಿ. ಅರ್ಧ ದಾರಿಯಲ್ಲಿ ನನಗೆ ಎಚ್ಚರವಾಯಿತು, ಹಿಂದೆ ಚೆಂಡೆ ಕೇಳುತ್ತಿತ್ತು. ತೋಡು ದಾಟುವಾಗ ಕೇಳುತ್ತಿತ್ತು, ಗುಡ್ಡೆ ಹತ್ತುವಾಗಲೂ ಇತ್ತು, ಅಂಗಳಕ್ಕೆ ಬಂದಾಗ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮುಂಬೈಯ ಸಭೆಯಲ್ಲಿ ಬಾಗಿಲು ಮುಚ್ಚಿದ ಆ ಹೊತ್ತಿಗೆ ನನಗೆ ಅದೇ ನೆನಪಾದದ್ದು. ಅವತ್ತಿನ ಪ್ರಸಂಗ ಯಾವುದು? ಅಮ್ಮ ಒಂದು ಹೇಳುತ್ತಾರೆ, ದೊಡ್ಡಪ್ಪ ಇನ್ನೊಂದು ಹೇಳುತ್ತಾರೆ. ನೆನಪಿದ್ದರೆ ಹೇಳಿ. ಟೈಪ್ ಮಾಡಬೇಡಿ, ವಾಯ್ಸ್ ಹಾಕಿ.