ತಬ್ಬಲಿ ಮರಿಯನ್ನು ಬೇರೆ ಕುರಿ ಏಕೆ ಸೇರಿಸಿಕೊಳ್ಳುವುದಿಲ್ಲ?

ಬಯಲುಸೀಮೆ (ಪ್ರಶ್ನೆ):
ಕಳೆದ ವಾರ ನಮ್ಮ ಹಿಂಡಿನಲ್ಲಿ ಒಂದೇ ರಾತ್ರಿ ಎರಡು ಕುರಿಗಳು ಈದವು. ಒಂದರ ಮರಿ ಬೆಳಗಾಗುವಷ್ಟರಲ್ಲಿ ಸತ್ತಿತು. ಇನ್ನೊಂದು ಕುರಿಯೇ ಸತ್ತು ಅದರ ಮರಿ ತಬ್ಬಲಿಯಾಯಿತು. ಮರಿ ಕಳೆದುಕೊಂಡ ಕುರಿ ಕೆಚ್ಚಲು ತುಂಬಿದ್ದರೂ ತಬ್ಬಲಿಯನ್ನು ಮೂಸಿ ನೋಡಿ ಗುದ್ದಿ ಓಡಿಸುತ್ತಿತ್ತು. ಅಪ್ಪ ಸತ್ತ ಮರಿಯ ಚರ್ಮವನ್ನು ಸುಲಿದು ಇದಕ್ಕೆ ಹೊದಿಸಿದ ಮೇಲೆ ಮಾತ್ರ ಮೊಲೆಗೆ ಬಿಟ್ಟುಕೊಂಡಿತು. ಇದರ ಹಿಂದಿರುವುದು ಹಾರ್ಮೋನೋ, ಕಲಿಕೆಯೋ? ಆಕ್ಸಿಟೋಸಿನ್ ಹಾರ್ಮೋನಿನ ಚುಚ್ಚುಮದ್ದು ಕೊಟ್ಟಿದ್ದರೆ ಚರ್ಮದ ಗೊಡವೆಯೇ ಇರುತ್ತಿರಲಿಲ್ಲವೇ?

ಪಶುವೈದ್ಯ:
ಎರಡೂ ಹೌದು, ಆದರೆ ಮೊದಲ ಕೆಲಸ ಹಾರ್ಮೋನಿನದು. ಗಬ್ಬದ ಕೊನೆಯಲ್ಲಿ ಪ್ರೊಜೆಸ್ಟರಾನ್ ಇಳಿದು ಈಸ್ಟ್ರೋಜನ್ ಏರುವುದರಿಂದ ಮಿದುಳು ಸಜ್ಜಾಗಿರುತ್ತದೆ. ಮರಿ ಹೊರಬರುವಾಗ ಗರ್ಭಕಂಠ ಹಿಗ್ಗಿದ ಸಂವೇದನೆ ನರಗಳ ಮೂಲಕ ಮೇಲೇರಿ, ಮಿದುಳಿನೊಳಗೇ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಅಲ್ಲಿಯವರೆಗೆ ಗರ್ಭಜಲದ ವಾಸನೆಗೆ ಮುಖ ತಿರುಗಿಸುತ್ತಿದ್ದ ಕುರಿ, ಈದ ಮೇಲೆ ಅದೇ ಲೋಳೆಯನ್ನು ಬಿಡದೆ ನೆಕ್ಕುತ್ತದೆ. ಹಾಗೆ ನೆಕ್ಕುವ ಮೊದಲ ಕೆಲವು ಗಂಟೆಗಳಲ್ಲಿಯೇ ಆ ಮರಿಯ ವಾಸನೆ ನೆನಪಿನಲ್ಲಿ ಕೂರುತ್ತದೆ. ಅನಂತರ ಬಂದ ಮರಿ ಪರಕೀಯವೇ. ನಿಮ್ಮ ತಂದೆಯವರು ಮೋಸಗೊಳಿಸಿದ್ದು ಈ ನೆನಪನ್ನು.

ಚುಚ್ಚುಮದ್ದಿನಿಂದ ಇದು ಸಾಧ್ಯವಿಲ್ಲ. ರಕ್ತಕ್ಕೆ ಸೇರಿದ ಆಕ್ಸಿಟೋಸಿನ್ ಕೆಚ್ಚಲಿನಿಂದ ಹಾಲು ಇಳಿಸುತ್ತದೆಯೇ ಹೊರತು ಮಿದುಳಿನೊಳಕ್ಕೆ ಸುಲಭವಾಗಿ ಹೋಗುವುದಿಲ್ಲ. 1987ರಲ್ಲಿ ಕೆಂಡ್ರಿಕ್, ಕೆವರ್ನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಈಸ್ಟ್ರೋಜನ್ ಪಡೆದಿದ್ದ, ಗಬ್ಬವಿಲ್ಲದ ಕುರಿಗಳಲ್ಲಿ ತಾಯ್ತನದ ನಡವಳಿಕೆಯನ್ನು ಮೂಡಿಸಿದ್ದು ನೇರವಾಗಿ ಮಿದುಳಿನ ಕುಹರಕ್ಕೆ ಆಕ್ಸಿಟೋಸಿನ್ ಹರಿಸಿ.

ಇಲಿಬೋನು:
ಕುರಿಯ ಮಟ್ಟಿಗೆ ಒಪ್ಪುತ್ತೇನೆ. ಎಲ್ಲ ಪ್ರಾಣಿಗಳಿಗೂ ಇದನ್ನೇ ಅನ್ವಯಿಸಬಾರದು. ಎಂದೂ ಈಯದ ಹೆಣ್ಣಿಲಿ ಮೊದಮೊದಲು ಮರಿಗಳಿಗೆ ಹೆದರಿ ಮೂಲೆ ಸೇರುತ್ತದೆ, ಆದರೆ ದಿನವೂ ಮರಿಗಳ ಜೊತೆ ಇಟ್ಟರೆ ಸುಮಾರು ಒಂದು ವಾರದಲ್ಲಿ ಅವುಗಳನ್ನು ಬಾಯಲ್ಲಿ ಕಚ್ಚಿ ಗೂಡಿಗೆ ತರತೊಡಗುತ್ತದೆ. ಅಂಡಾಶಯ ತೆಗೆದ ಇಲಿಗಳೂ, ಗಂಡಿಲಿಗಳೂ ಹೀಗೆ ಮಾಡುವುದನ್ನು ರೋಸೆನ್‌ಬ್ಲಾಟ್ 1967ರಲ್ಲಿಯೇ ತೋರಿಸಿದರು. ಅಂದರೆ ಬೇಕಾದ ನರಜಾಲ ಮೊದಲೇ ಇದೆ. ಹೆರಿಗೆಯ ಹಾರ್ಮೋನುಗಳು ವಾರದ ಕೆಲಸವನ್ನು ಗಳಿಗೆಯಲ್ಲಿ ಮುಗಿಸುತ್ತವೆ. ಆ ಜಾಲದ ಮುಖ್ಯ ಭಾಗ ಮಿದುಳಿನ ತಳದ ಹೈಪೊಥಲಾಮಸ್‌ನ ಮುಂದಿನ ಅಂಚಿನಲ್ಲಿದೆ: ಅದಕ್ಕೆ ಪೆಟ್ಟಾದರೆ, ಈದ ಇಲಿಯೂ ಮರಿಗಳನ್ನು ಚದುರಿದಲ್ಲಿಯೇ ಬಿಟ್ಟುಬಿಡುತ್ತದೆ.

ಬಯಲುಸೀಮೆ:
ಇಬ್ಬರಿಗೂ ಧನ್ಯವಾದಗಳು. ಚರ್ಮ ನಾರತೊಡಗಿದ್ದರಿಂದ ಮೂರನೆಯ ದಿನ ಬಿಚ್ಚಿದೆವು. ಕುರಿ ಮರಿಯ ಬಾಲದ ಬುಡವನ್ನು ಬಹಳ ಹೊತ್ತು ಮೂಸಿತು, ಒಮ್ಮೆ ಕಾಲು ಅಪ್ಪಳಿಸಿತು, ಆಮೇಲೆ ಹಾಲು ಬಿಟ್ಟಿತು.