ಪದಚರ್ಚೆ: ಕಣ ಬಿಟ್ಟ ಸ್ಕೇಟರ್‌ನನ್ನು ‘ನಿವೃತ್ತ’ ಎನ್ನಬಹುದೇ?

ಕುವೆಂಪುನಗರ, ಮೈಸೂರು

ಮಾನ್ಯರೇ,

ನಾಳೆ ಬೆಳಿಗ್ಗೆ ಫಲಕ ಬರೆಯುವವರು ಬರುತ್ತಾರೆ. ಅಷ್ಟರೊಳಗೆ ನನಗೆ ಎರಡು ಪದಗಳು ಬೇಕು. ಮಕ್ಕಳ ಸ್ಕೇಟಿಂಗ್ ತರಗತಿಯ ಗೋಡೆಯ ಮೇಲೆ ಜಪಾನಿನ ಐಸ್ ಸ್ಕೇಟರ್ ಯುಜುರು ಹನ್ಯೂ ಅವರ ಚಿತ್ರ, ಅದರ ಕೆಳಗೆ ಎರಡು ಸಾಲಿನ ಬರಹ. 2014ರ ಸೋಚಿ ಒಲಿಂಪಿಕ್ಸ್‌ನಿಂದ ಅವರನ್ನು ಬಿಡದೆ ನೋಡುತ್ತ ಬಂದವಳು ನಾನು. ಅಲ್ಲಿಯೂ 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿಯೂ ಚಿನ್ನ ಗೆದ್ದ ಅವರು, ಇನ್ನು ಸ್ಪರ್ಧೆಗಳಿಗೆ ಇಳಿಯದೆ, ಪ್ರದರ್ಶನಗಳನ್ನು ನೀಡುವ ‘ಪ್ರೊಫೆಷನಲ್’ ಆಗುವುದಾಗಿ 2022ರ ಜುಲೈ 19ರಂದು ಪ್ರಕಟಿಸಿದರು. ಕರಡಿನಲ್ಲಿ ‘ನಿವೃತ್ತರಾದರು’ ಎಂದು ಬರೆದು ಒಡನೆಯೇ ಹೊಡೆದುಹಾಕಿದೆ. ಅದಾದ ಏಳು ತಿಂಗಳಿಗೆ ಟೋಕಿಯೊ ಡೋಮ್ ಎಂಬ ಬೇಸ್‌ಬಾಲ್ ಕ್ರೀಡಾಂಗಣದೊಳಗೆ, ಹಾಸಿದ ಮಂಜುಗಡ್ಡೆಯ ಮೇಲೆ, ಒಬ್ಬರೇ ಪ್ರದರ್ಶನ ನಡೆಸಿಕೊಟ್ಟವರನ್ನು ಪಿಂಚಣಿದಾರರ ಸಾಲಿನಲ್ಲಿ ಕೂರಿಸಲು ಮನಸ್ಸೊಪ್ಪಲಿಲ್ಲ. ‘ವೃತ್ತಿಪರರಾದರು’ ಎಂದರೆ ಅಲ್ಲಿಯವರೆಗೆ ಅವರ ಕೆಲಸ ಅರೆಬರೆಯಾಗಿತ್ತು ಎಂಬ ಧ್ವನಿ ಬರುತ್ತದೆ.

ಎರಡನೆಯದು ನೆಗೆತದ ಹೆಸರು. ಸೋಚಿಯಲ್ಲಿ ನಾಲ್ಕು ಸುತ್ತಿನ ಟೋ ಲೂಪ್, ಸಾಲ್ಕೋ ಎಂಬ ನೆಗೆತಗಳನ್ನು ನೆಚ್ಚಿದ್ದವರು 2016ರಲ್ಲಿ ಲೂಪನ್ನು, 2017ರಲ್ಲಿ ಲಟ್ಜನ್ನು ಸೇರಿಸಿಕೊಂಡು, ಕೊನೆಗೆ 2022ರ ಬೀಜಿಂಗ್‌ನಲ್ಲಿ ಆಕ್ಸೆಲ್‌ಗೆ ಕೈಹಾಕಿದರು. ಆಕ್ಸೆಲ್ ಬಿಟ್ಟು ಉಳಿದವೆಲ್ಲ ಹಿಮ್ಮುಖವಾಗಿ ಜಾರುತ್ತ ಏಳುವ ನೆಗೆತಗಳು. ಆಕ್ಸೆಲ್‌ನಲ್ಲಿ ಮಾತ್ರ ಎಡಗಾಲಿನ ಅಲಗಿನ ಹೊರ ಅಂಚಿನ ಮೇಲೆ ಮುಮ್ಮುಖವಾಗಿ ಎದ್ದು, ಬಲಗಾಲಿನ ಮೇಲೆ ಹಿಮ್ಮುಖವಾಗಿ ಇಳಿಯುತ್ತಾರೆ. ಆದ್ದರಿಂದ ಹೆಸರಿನಲ್ಲಿ ನಾಲ್ಕು ಸುತ್ತು, ಗಾಳಿಯಲ್ಲಿ ನಾಲ್ಕೂವರೆ. ‘ಚತುರಾವರ್ತ’ ಎಂದು ಬರೆದರೆ ತಪ್ಪಾಗುವುದಿಲ್ಲವೇ?

ಮಂಡ್ಯ

ತಪ್ಪೇ. ನಿಮ್ಮ ತೊಡಕಿನ ಬೇರು ಬೇರೆಡೆ ಇದೆ. ವೃತ್ತಿ, ನಿವೃತ್ತಿ, ಆವರ್ತ, ಈ ಮೂರೂ ‘ವೃತ್’ ಎಂಬ ಒಂದೇ ಸಂಸ್ಕೃತ ಧಾತುವಿನಿಂದ ಹುಟ್ಟಿದವು. ಅದಕ್ಕೆ ‘ತಿರುಗು’ ಎಂಬ ಅರ್ಥವಿದೆ. ಆತ ಮಾಡುವ ಕೆಲಸಕ್ಕೂ, ಅದನ್ನು ಬಿಡುವುದಕ್ಕೂ, ಗಾಳಿಯಲ್ಲಿ ಸುತ್ತುವುದಕ್ಕೂ ಒಂದೇ ಧಾತುವಿನ ಗಾಣವನ್ನು ನಾವು ಎಷ್ಟು ಕಾಲ ಸುತ್ತಬೇಕು? ‘ಕಸುಬುಗಾರ’ ಎಂಬ ಅಚ್ಚಗನ್ನಡ ಪದ ಕೈಯಳತೆಯಲ್ಲೇ ಇದೆ. ಆಕ್ಸೆಲ್ ಎಂದರೆ ಗಾಡಿಯ ಅಚ್ಚು. ‘ಅಚ್ಚುನೆಗೆತ’ ಎಂದು ಬರೆಯಿರಿ, ಮಕ್ಕಳಿಗೂ ತಿಳಿಯುತ್ತದೆ.

ಸರಸ್ವತೀಪುರಂ, ಮೈಸೂರು

ತಿಳಿಯುವುದಿಲ್ಲ. ಆಕ್ಸೆಲ್ ಗಾಡಿಯ ಅಚ್ಚಲ್ಲ, ಮನುಷ್ಯ. ನಾರ್ವೆಯ ಆಕ್ಸೆಲ್ ಪಾಲ್ಸೆನ್ 1882ರಲ್ಲಿ ವಿಯೆನ್ನಾದಲ್ಲಿ ಆ ನೆಗೆತವನ್ನು ಮೊದಲು ಮಾಡಿ ತೋರಿಸಿದರು. ಸಾಲ್ಕೋ, ಲಟ್ಜ್ ಕೂಡ ಮನುಷ್ಯರ ಹೆಸರುಗಳೇ. ಅಂಕಿತನಾಮಕ್ಕೆ ಅನುವಾದವಿಲ್ಲ. ಇನ್ನು ‘ಕಸುಬು’ ಅರಬ್ಬಿಯ ‘ಕಸ್ಬ್’ನಿಂದ ಬಂದದ್ದು, ಸಂಸ್ಕೃತವನ್ನು ಮುಂಬಾಗಿಲಿನಿಂದ ಹೊರಗಟ್ಟಿ ಅರಬ್ಬಿಯನ್ನು ಹಿತ್ತಿಲ ಬಾಗಿಲಿನಿಂದ ಕರೆತಂದವರು ಅಚ್ಚಗನ್ನಡದ ಪಾಠ ಹೇಳಬಾರದು.

ಕೇಳಿದವರಿಗೆ ಒಂದು ಮಾತು: ಕೆಟ್ಟದ್ದು ‘ವೃತ್ತಿ’ಯಲ್ಲ, ಅದಕ್ಕೆ ಅಂಟಿದ ‘ಪರ’. ‘ವೃತ್ತಿರಂಗಭೂಮಿ’ ಎಂದಾಗ ಟಿಕೆಟ್ ಮಾರಿ, ನಾಟಕವಾಡಿ ಬದುಕುವ ಕಂಪನಿ ಎಂದಷ್ಟೇ ಅರ್ಥ. ನಟರ ಯೋಗ್ಯತೆಯ ಮಾತು ಅಲ್ಲಿ ಬರುವುದೇ ಇಲ್ಲ. ‘ವೃತ್ತಿಪರ’ ಎಂದೊಡನೆ ಅದು ಗುಣಕ್ಕೆ ಕೊಡುವ ಅಂಕವಾಗುತ್ತದೆ. ‘ವೃತ್ತಿ ಸ್ಕೇಟರ್’ ಎಂದು ಬರೆಯಿರಿ.

ಮಂಡ್ಯ

ಅರಬ್ಬಿಯಿಂದ ಬಂದಿದ್ದರೇನು? ನಮ್ಮೂರಿನ ಕಮ್ಮಾರನಿಗೂ ಕುಂಬಾರನಿಗೂ ಅದು ಕನ್ನಡವೇ. ಪ್ರತಿ ಪದದ ಜಾತಕ ಕೇಳುವುದಾದರೆ ನಿಮ್ಮ ‘ಕಂಪನಿ’ಯನ್ನೂ ‘ಟಿಕೆಟ್’ಅನ್ನೂ ಮೊದಲು ಮುಟ್ಟುಗೋಲು ಹಾಕಬೇಕಾದೀತು. ಅಚ್ಚಿನ ವಿಷಯದಲ್ಲಿ ಎಡವಿದ್ದು ನಿಜ, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ‘ನಿವೃತ್ತಿ’ಯ ಬದಲು ಏನು ಹಾಕಬೇಕೆಂದು ಸರಸ್ವತೀಪುರದವರು ಹೇಳಲೇ ಇಲ್ಲ. ನಮ್ಮ ಕಡೆ ಕುಸ್ತಿಗೆ ಇಳಿಯುವುದನ್ನು ನಿಲ್ಲಿಸಿ, ಹುಡುಗರಿಗೆ ಪಟ್ಟು ತೋರಿಸುತ್ತ ಕೂತ ಪೈಲ್ವಾನನನ್ನು ಯಾರೂ ನಿವೃತ್ತ ಎನ್ನುವುದಿಲ್ಲ. ಕಣ ಬಿಟ್ಟ, ಗರಡಿ ಬಿಡಲಿಲ್ಲ ಎನ್ನುತ್ತಾರೆ.

ಕುವೆಂಪುನಗರ, ಮೈಸೂರು

ಇಬ್ಬರಿಗೂ ವಂದನೆಗಳು. ಜಗಳದ ಎರಡೂ ಬದಿಯಿಂದ ಒಂದೊಂದು ಪದ ಎತ್ತಿಕೊಂಡಿದ್ದೇನೆ. ಮೊದಲ ಸಾಲು: ‘2022ರಲ್ಲಿ ಸ್ಪರ್ಧೆಯ ಕಣ ಬಿಟ್ಟು ವೃತ್ತಿ ಸ್ಕೇಟರ್ ಆದರು.’ ಎರಡನೆಯ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ಬೀಜಿಂಗ್‌ನಲ್ಲಿ ಹನ್ಯೂ ಸುತ್ತು ಸಾಲದೆ ಬಿದ್ದರು, ಒಟ್ಟಾರೆ ನಾಲ್ಕನೆಯವರಾದರು. ಆದರೂ ನಾಲ್ಕು ಸುತ್ತಿನ ಆಕ್ಸೆಲ್ ಎಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲು ದಾಖಲಾದದ್ದು ಅದೇ ನೆಗೆತ. ಅದನ್ನು ಪೂರ್ತಿ ಸುತ್ತಿ, ಬೀಳದೆ ನಿಂತವರು ಅಮೆರಿಕದ ಇಲಿಯಾ ಮಲಿನಿನ್, ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಹಾಗಾಗಿ ‘ಮೊದಲು ಸಾಧಿಸಿದವರು’ ಎಂದು ಬರೆಯುವಂತಿಲ್ಲ. ‘ನಾಲ್ಕೂವರೆ ಸುತ್ತಿನ ಆಕ್ಸೆಲ್‌ಗೆ ಎದ್ದರು, ಬಿದ್ದರು, ದಾಖಲಾದರು’ ಎಂದು ಬರೆಸುತ್ತಿದ್ದೇನೆ. ‘ಬಿದ್ದರು’ ಎಂಬುದನ್ನು ಮಕ್ಕಳ ಗೋಡೆಯ ಮೇಲೆ ಹಾಕಬಾರದು ಎಂದು ನಮ್ಮ ಯಜಮಾನರು ಆಕ್ಷೇಪಿಸಿದರು. ಮಂಡಿಗೆ ಕವಚ ಕಟ್ಟಿಕೊಂಡು ದಿನವೂ ಬೀಳುವ ಮಕ್ಕಳೇ ಅದನ್ನು ಓದುವವರಾದ್ದರಿಂದ ಹಾಗೆಯೇ ಉಳಿಸಿದ್ದೇನೆ.