ಕೆಂಪು ಬಟನ್ ಒತ್ತಿದ್ದೆ, ಆದ್ರೂ

ಶ್ರುತೀ, ದೊಡ್ಡಮ್ಮ ಮಾತಾಡ್ತಿರೋದು. ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ್ದು ಈಗ ನೋಡ್ದೆ, ಕನ್ನಡಕ ದೇವರ ಗೂಡಲ್ಲಿ ಮರೆತು ಬಂದಿದ್ದೆ. ಟೈಪ್ ಮಾಡೋಕೆ ನನ್ನ ಬಲಗೈ ಹೆಬ್ಬೆಟ್ಟು ಸರಿಯಾಗಿ ಬಗ್ಗಲ್ಲ, ಯಾಕೆ ಅಂತ ಹೇಳ್ತೀನಿ ಕೇಳು, ನಿನ್ನ ಪ್ರಶ್ನೆಗೆ ಉತ್ತರಾನೂ ಅದರಲ್ಲೇ ಇದೆ. ಪ್ರಸನ್ನ ಅಮೆರಿಕದಿಂದ ಹೆವಿ ಡ್ಯೂಟಿ ಮಲ್ಟಿ ಟೂಲ್ ತರಿಸ್ತಾನಂತೆ, ತರಿಸೋದಾ ಬೇಡ್ವಾ, ಯಾವುದು ಅಂತ ಕೇಳಿದ್ದೀಯ. ಇಕ್ಕಳ, ಚಾಕು, ಗರಗಸ, ಸ್ಕ್ರೂಡ್ರೈವರ್ ಎಲ್ಲಾ ಒಂದರೊಳಗೇ ಮಡಚಿಟ್ಟಿರ್ತಾರಲ್ಲ, ಅದು. "ಇನ್ನು ಹಳ್ಳದ ಮೋಟಾರಿಗೂ ಇದೊಂದೇ ಸಾಕು" ಅಂತಾನಂತೆ, ನಿಂಗೆ ಹೆದರಿಕೆ ಅಂತೆ. ಹೆದರು ಮಾರಾಯ್ತಿ, ಹೆದರೋದೇ ಸರಿ. ಅವನು ಬೇಕಾದ್ರೆ ನಗಲಿ.

ನಂಗೂ ಒಂದು ಇತ್ತು. ನಮ್ಮ ಅಣ್ಣ, ಅದೇ ಡೆಟ್ರಾಯ್ಟ್ ಅಣ್ಣ, 2009ರಲ್ಲಿ ಬಂದಾಗ ತಂದಿದ್ದು. ನಿಮ್ಮ ದೊಡ್ಡಪ್ಪನಿಗಲ್ಲ, ನಂಗೇ ಅಂತ ಹೇಳಿ ಕೈಗೆ ಕೊಟ್ಟಿದ್ದ. ಅಂಗೈಯಲ್ಲಿಟ್ರೆ ಅಡಿಕೆ ಕತ್ತರಿಗಿಂತ ಭಾರ. ಒಂದು ವರ್ಷ ಅದು ನನ್ನ ಸೊಂಟ ಬಿಟ್ಟು ಇಳೀಲಿಲ್ಲ. ಪೈಪಿನ ಕ್ಲಿಪ್ ಬಿಗಿ ಮಾಡೋಕೆ ಅದು, ಗೊಬ್ಬರದ ಚೀಲ ಬಿಚ್ಚೋಕೆ ಅದು, ಕೊಟ್ಟಿಗೆ ಬಾಗಿಲಿನ ಮೊಳೆ ಕೀಳೋಕೂ ಅದೇ. ಹಂಗೆ ಅಭ್ಯಾಸ ಆಗ್ಬಿಡುತ್ತೆ ನೋಡು. ಕೈಗೆ ಸಿಕ್ಕಿದ್ದು ಅದು, ಆದ್ದರಿಂದ ಎಲ್ಲದಕ್ಕೂ ಅದೇ.

ಮಾರನೇ ವರ್ಷ ಏಪ್ರಿಲ್. ಅಡಿಕೆಗೆ ನೀರು ಬಿಡೋ ಕಾಲ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು, ಅಂದ್ರೆ ಮೂರು ವೈರಲ್ಲಿ ಬರೋದು, ಕೊಡ್ತಿದ್ದದ್ದು ರಾತ್ರಿ ಹನ್ನೊಂದರ ಮೇಲೆ, ಅದು ನಿಮಗೆಲ್ಲ ಗೊತ್ತಿರೋದೇ. ದೊಡ್ಡಪ್ಪ ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗದಲ್ಲಿದ್ರು. ಸಂಜೆ ಒಂದು ಅಡ್ಡಮಳೆ ಬಿದ್ದು ಪಂಪ್‌ಹೌಸ್ ನೆಲ ಒದ್ದೆ. ಸ್ಟಾರ್ಟರ್ ಒತ್ತಿದೆ, ಮೋಟಾರ್ ತಿರುಗಲ್ಲ, ಬರೀ ಗುಂಯ್ ಅಂತ ಗೊಣಗುತ್ತೆ. ಒಂದು ಫೇಸ್ ಬರ್ತಿಲ್ಲ ಅಂತ ಅಷ್ಟು ನಂಗೂ ಗೊತ್ತಾಗುತ್ತೆ. ತಕ್ಷಣ ಕೆಂಪು ಬಟನ್ ಒತ್ತಿದೆ. ಗೊಣಗೋದು ನಿಂತ್ತು. ಸರಿ, ಆಫ್ ಆಯ್ತಲ್ಲ ಅಂತ ಸ್ಟಾರ್ಟರ್ ಬಾಕ್ಸಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ್ರೆ ಮೇಲುಗಡೆ ಒಂದು ವೈರು ಕಪ್ಪಾಗಿ ಲೂಸಾಗಿ ಕೂತಿದೆ. ಇಷ್ಟೇನಾ, ಎರಡು ಸುತ್ತು ಬಿಗಿ ಮಾಡಿದ್ರೆ ಆಯ್ತು ಅಂತ ಸೊಂಟದಿಂದ ಅದನ್ನ ತೆಗೆದೆ, ಸ್ಕ್ರೂಡ್ರೈವರ್ ಬಿಚ್ಚಿದೆ, ಎಡಗೈಯಲ್ಲಿ ಬಾಕ್ಸಿನ ಕಬ್ಬಿಣ ಹಿಡ್ಕೊಂಡೆ...

ಆಮೇಲೆ ನಂಗೆ ನೆನಪಿರೋದು ಕಪ್ಪೆ ಕೂಗ್ತಿದ್ದದ್ದು. ಬಾಗಿಲ ಹತ್ರ ಬಿದ್ದಿದ್ದೆ. ಟಾರ್ಚ್ ಹಳ್ಳದ ಕಡೆ ಮುಖ ಮಾಡಿ ಉರೀತಾ ಇತ್ತು. ಹೆಬ್ಬೆಟ್ಟಿನ ಬುಡದಲ್ಲಿ ಸುಟ್ಟ ಚರ್ಮದ ವಾಸನೆ.

ಕೆಂಪು ಬಟನ್ ಮೋಟಾರನ್ನ ನಿಲ್ಸುತ್ತೆ ಶ್ರುತಿ, ಬಾಕ್ಸಿಗೆ ಬರೋ ಕರೆಂಟನ್ನ ನಿಲ್ಸಲ್ಲ. ಮೇಲಿಂದ ಬರೋ ಮೂರು ವೈರೂ ಜೀವಂತವಾಗೇ ಇರ್ತವೆ. ನಾವು 440 ವೋಲ್ಟ್ ಅಂತೀವಲ್ಲ, ಅದು ಎರಡು ಫೇಸಿನ ನಡುವಿನ ಲೆಕ್ಕ. ಒಂದೇ ಫೇಸು ಮೈಯಿಂದ ನೆಲಕ್ಕಿಳಿದ್ರೆ 230, 240. ಆದ್ರೆ ಒದ್ದೆ ಕಾಲಿಗೆ ಅಷ್ಟು ಧಾರಾಳ ಸಾಕು. ಅದರ ಮೇಲೆ ನನ್ನ ಕೈಯಲ್ಲಿದ್ದದ್ದು ತುದಿಯಿಂದ ಹಿಡಿತನಕ ಒಂದೇ ಉಕ್ಕು. ಸಾಮಾನಿನ ತಪ್ಪಲ್ಲ, ತಪ್ಪು ನಂದು. ಪ್ರಸನ್ನನಿಗೆ ಹೇಳು, ಎಷ್ಟೇ ದುಬಾರಿ ಆಗಿರಲಿ, ಆ ಬರೀ ಉಕ್ಕನ್ನ ಕರೆಂಟಿಗೆ ತಾಗಿಸ್ಬೇಡ. ಕಪ್ಪು ಬಣ್ಣದ್ದು ತಗೊಂಡ್ರೂ ಅಷ್ಟೇ, ಬಣ್ಣ ರಬ್ಬರ್ ಅಲ್ಲ.

ಇರು, ಹಾಲು ಉಕ್ತಿದೆ.

ಹಾಂ, ಕಟ್ ಆಗಿತ್ತು ಅನ್ಸುತ್ತೆ. ಎಲ್ಲಿದ್ದೆ? ಬೆಳಿಗ್ಗೆ ಸಾವಿತ್ರಿ ಗಂಡ ಜೀಪಲ್ಲಿ ತೀರ್ಥಹಳ್ಳಿಗೆ ಕರ್ಕೊಂಡು ಹೋದ. ಡಾಕ್ಟರು ಇಸಿಜಿ ತೆಗೆದ್ರು. ನಾನು ಕೈ ತೋರಿಸ್ತೀನಿ, ಅವರು ಎದೆ ನೋಡ್ತಾರೆ. ಶಾಕ್ ಹೊಡೆದವರು ಎದ್ದು ಓಡಾಡ್ತಿದ್ರೂ ಹಾರ್ಟ್ ನೋಡಿಸ್ಲೇಬೇಕಂತೆ, ಇದು ಗುರುತಿಟ್ಕೊಳ್ಳಿ. ಮನೆಗೆ ಬಂದ್ರೆ ಒಬ್ಬರಾದ್ರೂ ಕೈ ಹೆಂಗಿದೆ ಅಂತ ಕೇಳಿದ್ರಾ? ನಮ್ಮ ಮೈದುನ, ನಿಮ್ಮ ಚಿಕ್ಕಪ್ಪ, ಈ ಗ್ರೂಪಲ್ಲೇ ಇದ್ದಾನೆ, ಕೇಳಿಸ್ಕೊಳ್ಳಲಿ. "ಅತ್ತಿಗೆ, ಹೆಂಗಸರಿಗೆ ಯಾಕೆ ಇಂಥ ಸಾಮಾನು" ಅಂದು ಅದನ್ನ ತಗೊಂಡು ತನ್ನ ಜೀಪಿನ ಡ್ಯಾಶ್‌ಬೋರ್ಡಿಗೆ ಹಾಕ್ಕೊಂಡ. ಹಾಕ್ಕೊಂಡೋನು ಹಾಕ್ಕೊಂಡ. ಹೆಂಗಸು ಅಂತ ಕರೆಂಟು ಹೊಡೀತಾ? ಅವನೇ ಹಿಡಿದಿದ್ರೆ ಬಿಡ್ತಿತ್ತಾ? ರಾತ್ರಿ ಹನ್ನೊಂದಕ್ಕೆ ಮೋಟಾರ್ ಹಾಕೋಕೆ ಹೆಂಗಸು ಆಗುತ್ತೆ, ರಿಪೇರಿ ಸಾಮಾನು ಇಟ್ಕೊಳ್ಳೋಕೆ ಆಗಲ್ಲ! ಆಮೇಲೆ ಮದುವೆ ಮನೇಲಿ ಅದರ ಚಾಕಲ್ಲಿ ಅವನು ಸೋಡಾ ಬಾಟಲಿ ಮುಚ್ಚಳ ಎಬ್ಬಿಸ್ತಿದ್ದ, ಅದರ ಬೆನ್ನಿಂದ ಪೆಂಡಾಲಿನ ಗೂಟಕ್ಕೆ ಹೊಡೀತಿದ್ದ. ಓಪನರ್ ಬೇರೆ ಇದೆ ಕಣೋ ಅಂತ ಹೇಳಿದ್ದು ನಾನೊಬ್ಬಳೇ. ಚಾಕಿನ ತುದಿ ಮುರೀತು. ಪಾಲಾದಾಗ ಹಿತ್ತಾಳೆ ಹಂಡೆಯಿಂದ ಹಿಡಿದು ಅಡಿಕೆ ಬೇಯಿಸೋ ಕಡಾಯಿತನಕ ಚೀಟಿ ಬರೆದ್ರು. ಅದೊಂದು ಯಾವ ಚೀಟೀಲೂ ಬರ್ಲಿಲ್ಲ. ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು.

ಈ ಗ್ರೂಪಲ್ಲೂ ಹಂಗೇ. ನಾನು ಏನಾದ್ರೂ ಹೇಳಿದ್ರೆ ಎಲ್ಲರೂ ಒಂದೊಂದು ಹೆಬ್ಬೆಟ್ಟು ಕಳಿಸಿ ಸುಮ್ಮನಾಗ್ತೀರಿ. ನಂದು ಸುಟ್ಟಿದ್ದೂ ಅದೇ ಬೆರಳು.

ಹೋಗ್ಲಿ. ಎರಡನೇ ಸಲ ಹೇಳ್ತಿದ್ದೀನಿ ಅಂತ ಬೇಜಾರಾಗ್ಬೇಡ: ಬರೀ ಉಕ್ಕು ಕರೆಂಟಿಗೆ ಬೇಡ. ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ರೆ ಆಯ್ತಲ್ಲ ಅಂತಾನೆ ಪ್ರಸನ್ನ, ಅವನ ಬುದ್ಧಿ ನಂಗೊತ್ತು. ಮಡಚೋ ಸಾಮಾನಿಗೆ ಟೇಪ್ ಎಲ್ಲಿ ನಿಲ್ಲುತ್ತೆ?

ಅಯ್ಯೋ, ನೀನು ಕೇಳಿದ್ದು ತರಿಸೋದಾ ಬೇಡ್ವಾ, ಯಾವುದು ಅಂತ ಅಲ್ವಾ? ತರಿಸ್ಲಿ, ಧಾರಾಳವಾಗಿ ತರಿಸ್ಲಿ. ಒಳ್ಳೇ ಸಾಮಾನದು. ಅಣ್ಣ ಹೇಳ್ತಿದ್ದ, 1975ರಲ್ಲಿ ಟಿಮ್ ಲೆದರ್‌ಮನ್ ಅಂತ ಅಮೆರಿಕದವನೊಬ್ಬ ಹಳೇ ಫಿಯೆಟ್ ಕಾರಲ್ಲಿ ಯೂರೋಪ್ ಸುತ್ತೋಕೆ ಹೋಗಿದ್ನಂತೆ. ಕಾರು ಕೆಡೋದು, ಹೋಟೆಲಿನ ನಲ್ಲಿ ಸೋರೋದು, ಜೇಬಲ್ಲಿ ಚಾಕು ಇದೆ, ಬೇಕಾಗಿದ್ದು ಇಕ್ಕಳ. ಊರಿಗೆ ಹೋಗಿ ವರ್ಷಗಟ್ಲೆ ಕೂತು ಇಕ್ಕಳ ಇರೋ ಈ ಸಾಮಾನು ಮಾಡಿ 1983ರಲ್ಲಿ ಮಾರೋಕೆ ಶುರು ಮಾಡಿದ್ದು. ಅಂದ್ಮೇಲೆ ಇದರ ಜೀವ ಇಕ್ಕಳದಲ್ಲಿದೆ. ಎಷ್ಟು ಐಟಂ ಅಂತ ಎಣಿಸೋಕೆ ಹೋಗ್ಬೇಡಿ. ಇಕ್ಕಳ ಮುಚ್ಚಿ ಬೆಳಕಿಗೆ ಹಿಡೀಲಿ, ಎರಡು ತುದಿ ಸರಿಯಾಗಿ ಕೂಡ್ಬೇಕು, ಗಟ್ಟಿ ಹಿಡಿದ್ರೆ ಅಲುಗಬಾರದು. ಚಾಕು ತೆಗೆದ್ಮೇಲೆ ಲಾಕ್ ಬೀಳ್ಲೇಬೇಕು. ಲಾಕ್ ಇಲ್ಲದ ಗರಗಸ ಒತ್ತಿದಾಗ ಬೆರಳ ಮೇಲೇ ಮಡಚ್ಕೊಳ್ಳುತ್ತೆ. ದೊಡ್ಡದೇ ಬೇಕು ಅಂದ್ರೆ ಲೆದರ್‌ಮನ್ ಸರ್ಜ್, ಸುಮಾರು 355 ಗ್ರಾಂ ತೂಗುತ್ತೆ, ತಂತಿ ಕತ್ತರಿಸೋ ಬಾಯಿ ಸವೆದ್ರೆ ಅದೊಂದನ್ನೇ ಬದಲಾಯಿಸ್ಬಹುದು, 25 ವರ್ಷ ವಾರಂಟಿ. ಇಲ್ಲಾ ವಿಕ್ಟೋರಿನಾಕ್ಸ್ ಸ್ವಿಸ್‌ಟೂಲ್, ಇಕ್ಕಳ ಬಿಚ್ಚದೇನೇ ಎಲ್ಲಾ ಹೊರಗಿಂದ ತೆಗೀಬಹುದು, ಕೈ ಮಣ್ಣಾದಾಗ ಅದು ಸಲೀಸು. ತರೋರಿಗೆ ಹೇಳಿ, ಚೆಕ್ ಇನ್ ಬ್ಯಾಗಲ್ಲೇ ಹಾಕ್ಬೇಕು. ಕೈಬ್ಯಾಗಲ್ಲಿದ್ರೆ ಏರ್‌ಪೋರ್ಟಲ್ಲೇ ಕಿತ್ಕೋತಾರೆ.

ಪೈಪಿನ ಕ್ಲಿಪ್ಪು, ಕಟ್ಟೋ ತಂತಿ, ಡ್ರಿಪ್ ಲೈನು, ಇದಕ್ಕೆಲ್ಲಾ ಬಳಸ್ಲಿ. ಮೋಟಾರಿನ ನಟ್ಟಿಗೆ ಬೇಡ, ಮೂಲೆ ತಿಂದು ಗುಂಡಗಾದ್ರೆ ಆಮೇಲೆ ಸ್ಪ್ಯಾನರೂ ಕೂರಲ್ಲ. ಗಟ್ಟಿ ಸ್ಪ್ರಿಂಗ್ ತಂತಿ ಕತ್ತರಿಸಿದ್ರೆ ಬಾಯಿ ಹಲ್ಲು ಮುರಿದ ಹಂಗೆ ಆಗುತ್ತೆ. ಹಸಿ ಅಡಿಕೆ ಚೊಗರು ಮೆತ್ತಿದ್ರೆ ಅವತ್ತೇ ತೊಳೆದು ಒರೆಸಿ, ಕೀಲಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು. ಕೊಬ್ಬರಿ ಎಣ್ಣೆ ಹಾಕ್ಬೇಡಿ, ಅಂಟಾಗುತ್ತೆ. ಸ್ಟೇನ್‌ಲೆಸ್ ಅಂತಾರೆ, ನಮ್ಮ ಆಷಾಢದ ಮಳೇಲಿ ಒದ್ದೆ ಚರ್ಮದ ಚೀಲದಲ್ಲಿಟ್ರೆ ಅದಕ್ಕೂ ತುಕ್ಕು ಹಿಡಿಯುತ್ತೆ. ಪುಟ್ಟನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡು.

ಮೋಟಾರ್ ಬಾಕ್ಸಿಗೆ ಬೇರೆ ಸಾಮಾನು ಶ್ರುತಿ. ಇನ್ಸುಲೇಷನ್ ಇರೋ ಕಟಿಂಗ್ ಪ್ಲೈಯರು, ಸ್ಕ್ರೂಡ್ರೈವರು, ಹಿಡಿಯ ಮೇಲೆ 1000 ವಿ ಅಂತ, ಎರಡು ತ್ರಿಕೋನದ ಗುರುತೂ ಇರುತ್ತೆ, ನೋಡಿ ತಗೊಳ್ಳಿ. ಮುಟ್ಟೋಕೆ ಮುಂಚೆ ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಪ್ರಸನ್ನನ ಜೇಬಿಗೇ ಹಾಕ್ಕೊಳ್ಳಲಿ, ಗೋಡೆ ಮೇಲೆ ಬೇಡ, ಯಾರಾದ್ರೂ ವಾಪಸ್ ಚುಚ್ಚಿಬಿಡ್ತಾರೆ. ಟೆಸ್ಟರನ್ನ ಮೊದ್ಲು ಕರೆಂಟ್ ಇರೋ ಕಡೆ ಹಿಡಿದು ದೀಪ ಬರುತ್ತಾ ನೋಡಿ, ಆಮೇಲೆ ಬಾಕ್ಸಲ್ಲಿ ಮೂರಕ್ಕೂ ಹಿಡೀಲಿ. ಮೇನ್ ಸ್ವಿಚ್ಚಿಗಿಂತ ಮೇಲಿನ ವೈರಲ್ಲಿ ಆಗ್ಲೂ ಕರೆಂಟ್ ಇರುತ್ತೆ, ಅದು ಲೈನ್‌ಮ್ಯಾನ್ ಕೆಲಸ. ಒದ್ದೆ ಕಾಲಿದ್ರೆ ಒಳಗೆ ಹೋಗೋದೇ ಬೇಡ, ಒಂದು ರಾತ್ರಿ ನೀರಿಲ್ದಿದ್ರೆ ಅಡಿಕೆ ಮರ ಸಾಯಲ್ಲ.

ಪಂಪ್‌ಹೌಸ್ ಕೀ ಗಡಿಯಾರದ ಹಿಂದಿನ ಮೊಳೇಲಿದೆ. ಟಾರ್ಚಿಗೆ ಸೆಲ್ ಹಾಕ್ಬೇಕು.